ಮೊದಲು ಮರಕ್ಕೆ ಎಣ್ಣೆ

ಊರಿನ ಹಳೆಯ ವಾಚನಾಲಯದ ಕಿಟಕಿಗೆ ಗಾಜು ಕೂರಿಸಲು ಬಡಗಿ ಮೋನಪ್ಪ ಆಚಾರಿ ಬಂದ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ, ಗಾಜನ್ನು ಹಿಡಿದಿಡುವ ಪುಟ್ಟಿಯನ್ನು ಚೆನ್ನಾಗಿ ನಾದಿ, ಉಂಡೆ ಮಾಡಿ ಬದಿಗಿಟ್ಟ. ಆಮೇಲೆ ಒಣಗಿಹೋಗಿದ್ದ ತೇಗದ ಚೌಕಟ್ಟಿಗೆ ಬರೀ ಎಣ್ಣೆ ಸವರತೊಡಗಿದ. ಸವರಿದ್ದನ್ನೆಲ್ಲ ಮರ ಹೀರಿತು. ಮತ್ತೆ ಸವರಿದ.

ಗೋಡೆಗೆ ಒರಗಿದ್ದ ಹೊಸ ಗಾಜಿಗೆ ತಾಳ್ಮೆ ತಪ್ಪಿತು. "ಪುಟ್ಟಿಯೇ, ಕೂರುವುದು ನಾನು, ಹಿಡಿಯುವುದು ನೀನು. ನಡುವೆ ಈ ಮುದಿ ಮರಕ್ಕೇಕೆ ಇಷ್ಟು ಉಪಚಾರ?"

"ಹಸಿದವರ ಪಕ್ಕ ಊಟಕ್ಕೆ ಕೂತರೆ ನನ್ನ ಎಲೆ ನನಗೆ ಉಳಿಯುವುದಿಲ್ಲ," ಎಂದಿತು ಪುಟ್ಟಿ. "ಮರ ನನ್ನ ಎಣ್ಣೆಯನ್ನು ಕುಡಿದುಬಿಟ್ಟರೆ ಉಳಿಯುವುದು ಬರೀ ಪುಡಿ."

"ಪಕ್ಕದ ಕಿಟಕಿಯ ಮರಕ್ಕೆ ಯಾರೂ ಎಣ್ಣೆ ಕುಡಿಸಲಿಲ್ಲವಂತೆ. ಅಲ್ಲಿಯ ಗಾಜು ಗಟ್ಟಿಯಾಗಿ ಕೂತಿಲ್ಲವೇ?"

ಅಷ್ಟರಲ್ಲಿ ಗಾಳಿಗೆ ವಾಚನಾಲಯದ ಬಾಗಿಲು ಧಡಾರನೆ ಬಡಿಯಿತು. ಪಕ್ಕದ ಕಿಟಕಿ ನಡುಗಿ, ಅದರ ಒಣ ಪುಟ್ಟಿ ಹಿಟ್ಟಿನಂತೆ ಉದುರಿತು. ಗಾಜು ಜಾರಿತು. ಮೋನಪ್ಪ ಓಡಿಹೋಗಿ ಕೈಯೊಡ್ಡದಿದ್ದರೆ ಅದು ಅಲ್ಲೇ ಚೂರಾಗುತ್ತಿತ್ತು. ಅವನು ಅದನ್ನು ಮೆಲ್ಲಗೆ ಇಳಿಸಿ, ಹೊಸ ಗಾಜಿನ ಪಕ್ಕ ಒರಗಿಸಿದ.

ಹೊಸ ಗಾಜು ಬಹಳ ಹೊತ್ತು ಅದರ ಬರಿದಾದ ಅಂಚನ್ನೇ ನೋಡಿತು. ಆಮೇಲೆ ಸಣ್ಣ ದನಿಯಲ್ಲಿ, "ಆಚಾರಿಗಳೇ, ಮರಕ್ಕೆ ಇನ್ನೊಂದು ಸಲ ಸವರಿ," ಎಂದಿತು.

ಮೋನಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಆಗಲೇ ಮೂರನೆಯ ಸಲ ಸವರುತ್ತಿದ್ದ.