ಅಳಿವೆಯ ಬೊಗಸೆಕಲ್ಲು

ಬೆಳಂಬಕೋಡಿಯಲ್ಲಿ ಹೊಳೆಯು ಕಡಲನ್ನು ಸೇರುವ ಅಳಿವೆಯ ನಡುವೆ ಒಂದು ಕರಿಬಂಡೆ ಎದ್ದು ನಿಂತಿದೆ. ಬೊಗಸೆಕಲ್ಲು ಎಂದು ಅದರ ಹೆಸರು. ದೋಣಿಯಲ್ಲಿ ಹೋಗಬೇಕು, ಚಪ್ಪಲಿ ಕಳಚಿ ಹತ್ತಬೇಕು, ಪಾಚಿ ಜಾರುತ್ತದೆ. ಬಂಡೆಯ ನೆತ್ತಿಯಲ್ಲಿ ಒಂದು ಕುಳಿ, ಅದರ ತುಂಬ ಸಿಹಿನೀರು. ಈಚೆಗೆ ಯಾರೋ ಪುಣ್ಯಾತ್ಮರು ದಡದಲ್ಲಿ ಫಲಕ ನೆಟ್ಟು, ಕುಳಿಯು ಬೊಗಸೆಯ ಆಕಾರದಲ್ಲಿರುವುದರಿಂದ ಈ ಹೆಸರು ಬಂತೆಂದು ಬರೆಸಿದ್ದಾರೆ. ಬರೆಸಿದವರು ಒಮ್ಮೆಯಾದರೂ ಬಂಡೆ ಹತ್ತಿ ನೋಡಿದ್ದರೆ ತಾನೆ! ಒರಳಿಗಿಂತ ಆಳದ ಕುಳಿ ಅದು, ಬಾಯಿ ಕಿರಿದು, ಹಗ್ಗ ಕಟ್ಟಿ ಚೊಂಬು ಇಳಿಸದೆ ತೊಟ್ಟು ನೀರು ಮೇಲೆ ಬರುವುದಿಲ್ಲ. ಯಾವ ಮಗ್ಗುಲಿಂದ ನೋಡಿದರೂ ಬೊಗಸೆಯಂತೆ ಕಾಣುವುದಿಲ್ಲ. ನಮ್ಮ ಹಿರಿಯರು ಹೇಳುತ್ತಿದ್ದ ಕತೆಯೇ ಬೇರೆ. ಕೇಳಲು ಹಿತವಾದ ಕತೆಯಲ್ಲ, ಅದಕ್ಕೇ ಫಲಕ ಬರೆಸಿದವರಿಗೆ ಬೇಡವಾಯಿತೋ ಏನೋ.

ಹಿಂದೆ ಒಮ್ಮೆ ಘಟ್ಟದ ಅರಸನಿಗೂ ಕಡಲ ಫರಂಗಿಯವರಿಗೂ ಬಹುಕಾಲ ಕಾಳಗ ನಡೆಯಿತಂತೆ. ಆಗ ಈ ಊರಿನಲ್ಲಿ ಜಟ್ಟಪ್ಪ ತಂಡೇಲ ಎಂಬವನಿದ್ದ. ತಂಡೇಲ ಎಂದರೆ ಸರಕಿನ ಹಡಗಿನ ಯಜಮಾನ. ಗಾಳಿ ನೋಡುವವನು, ದಾರಿ ಹೇಳುವವನು, ಖಲಾಸಿಗಳ ತಲೆ ಕಾಯುವವನು. ಅಕ್ಕಿ, ಮೆಣಸು ತುಂಬಿಕೊಂಡು ಬಡಗಲಿಗೆ ಹೋಗಿ ಉಪ್ಪು, ಖರ್ಜೂರ ತರುತ್ತಿದ್ದ ಅವನ ಮಚವೆ ಎಂಬ ಹಾಯಿಹಡಗನ್ನು ಅರಸನ ಕಡೆಯವರು ಕಾಳಗಕ್ಕೆ ಎಳೆದರು. ಒಂದು ದಿನ ನಡುಗಡಲಲ್ಲಿ ಒಂದು ದೋಣಿ ಎದುರಾಗಿ, ಅದರಲ್ಲಿದ್ದವರು "ಜಟ್ಟಪ್ಪಣ್ಣಾ, ನೀರು!" ಎಂದು ಕೂಗಿದರು. ನೀರು ಕೇಳಿದ ದೋಣಿಗೆ, ಅದು ಹಗೆಯದೇ ಆಗಿರಲಿ, ಇಲ್ಲವೆನ್ನಬಾರದು ಎಂಬುದು ನಮ್ಮ ಕಡಲಿನ ಕಟ್ಟು. ತಂಡೇಲ ಹಾಯಿ ಇಳಿಸಿದ. ದೋಣಿ ಮಗ್ಗುಲಿಗೆ ಬಂದದ್ದೇ ತಡ, ಚಾಪೆಗಳ ಅಡಿಯಿಂದ ಫರಂಗಿಯವರ ಕಡೆಯ ಕತ್ತಿಯವರು ಎದ್ದರು. ಅವನ ಕಣ್ಣೆದುರೇ ಅವನ ತಮ್ಮನ ಕೊರಳು ಕೊಯ್ದು ಕಡಲಿಗೆ ನೂಕಿದರು. ಅರ್ಧಕ್ಕರ್ಧ ಖಲಾಸಿಗಳು ಹಡಗಿನ ಅಟ್ಟದ ಮೇಲೆಯೇ ಸತ್ತರು. ತಂಡೇಲ ಉಳಿದದ್ದು ಅವನ ದುರದೃಷ್ಟ ಎನ್ನುತ್ತಾರೆ.

ಕೊನೆಗೊಮ್ಮೆ ಒಪ್ಪಂದವಾಯಿತು. ಊರೂರಲ್ಲಿ ಡಂಗುರ ಹೊಡೆಸಿದರು. ತಂಡೇಲ ಕಾಳಗಕ್ಕೆಂದು ಮಚವೆಗೆ ಕೂರಿಸಿದ್ದ ತೋಪನ್ನು ಬಿಚ್ಚಿಕೊಟ್ಟು ಮತ್ತೆ ಅಕ್ಕಿ ತುಂಬಿದ. ಸತ್ತವರ ಜಾಗಕ್ಕೆ ಹೊಸ ಖಲಾಸಿಗಳು ಬಂದರು. ಅವರ ತಾಯಂದಿರಿಗೆಲ್ಲ, ಮಕ್ಕಳನ್ನು ತಿರುಗಿ ತಂದು ಬಾಗಿಲಲ್ಲಿ ಬಿಡುತ್ತೇನೆ ಎಂದು ಮಾತು ಕೊಟ್ಟಿದ್ದ. ಹಗಲಿಡೀ ಚುಕ್ಕಾಣಿ ಬಿಡುತ್ತಿರಲಿಲ್ಲ. ಕಾಲ ಬುಡದಲ್ಲಿ ಕೊಡಲಿ ಇಲ್ಲದೆ ಊಟಕ್ಕೂ ಕೂರುತ್ತಿರಲಿಲ್ಲ. ದೂರದಲ್ಲೊಂದು ಹಾಯಿ ಕಂಡರೆ ಸಾಕು, ಬಾಯಿಗಿಟ್ಟ ತುತ್ತನ್ನು ಉಗಿದು ಎದ್ದು ನಿಲ್ಲುತ್ತಿದ್ದನಂತೆ.

ಉಪ್ಪು ತುಂಬಿಕೊಂಡು ಊರಿನತ್ತ ತಿರುಗಿದ್ದಾಗ, ಬೈಗಿನ ಹೊತ್ತಿಗೆ, ಪಡುವಲಿಂದ ಒಂದು ಹಳೆಯ ದೋಣಿ ಬಂತು. ಮುಳುಗುವ ಸೂರ್ಯ ಅದರ ಬೆನ್ನಿಗಿದ್ದುದರಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಜಡೆಗಟ್ಟಿದ ಕೂದಲು, ಮೈಮೇಲೆ ಫರಂಗಿಯವರ ಹರಕು ಅಂಗಿ. "ಜಟ್ಟಪ್ಪಣ್ಣಾ, ನೀರು!" ಎಂದು ಒಣಗಿದ ಗಂಟಲಲ್ಲಿ ಕೂಗಿದರು. ಮುದಿ ಖಲಾಸಿಯೊಬ್ಬ ಕೈಮುಗಿದ. "ತಂಡೇಲರೇ, ಕಾಳಗ ಮುಗೀತಲ್ಲ. ಒಂದು ಕೊಡ ಇಳಿಸಿಬಿಡುವ." ತಂಡೇಲ ಕೊಡಲಿ ಎತ್ತಿಕೊಂಡ. "ಡಂಗುರ ಹೊಡೆದದ್ದು ಊರಲ್ಲಿ ಮಾರಾಯ, ಕಡಲಲ್ಲಿ ಯಾರೂ ಹೊಡೆಯಲಿಲ್ಲ. ಹೋದ ಸಲವೂ ಹೆಸರು ಹಿಡಿದೇ ಕರೆದಿದ್ದರು. ಹಾಕಿ ಕಲ್ಲು!"

ಹಡಗಿನ ತಳದಲ್ಲಿ ಭಾರಕ್ಕೆಂದು ಇಟ್ಟಿದ್ದ ಗುಂಡುಕಲ್ಲುಗಳನ್ನು ಹೊತ್ತು ತಂದು ಎಸೆದರು. ಒಂದು ಕಲ್ಲು ಹುಟ್ಟು ಹಾಕುತ್ತಿದ್ದವನ ಎದೆಗೆ ಬಿದ್ದು ಅವನು ಕೂತಲ್ಲೇ ಮಡಚಿಕೊಂಡ. ಇನ್ನೊಂದು ದೋಣಿಯ ಹಲಗೆಯನ್ನೇ ಒಡೆಯಿತು. ನೀರಿಗೆ ಬಿದ್ದವರು ಈಜಿ ಬಂದು ಮಚವೆಯ ಅಂಚು ಹಿಡಿದರು. ತಂಡೇಲ ಹಿಡಿದ ಕೈಗಳ ಮೇಲೆ ಕೊಡಲಿ ಬೀಸುತ್ತಾ ಅಂಚಿನುದ್ದಕ್ಕೂ ನಡೆದ. ಮರದ ಮೇಲೆ ಕೊಡಲಿ ಬಿದ್ದ ಸದ್ದು, ಮೂಳೆಯ ಮೇಲೆ ಬಿದ್ದ ಸದ್ದು, ಚೀರಾಟ. ಅಯ್ಯೋ, ಹೇಳುವಾಗ ಈಗಲೂ ನನ್ನ ಬಾಯಿ ಒಣಗುತ್ತದೆ! ಕಡಿದ ಒಂದು ಬಲಗೈ ಒಳಕ್ಕೇ ಬಿದ್ದು ಅವನ ಕಾಲ ಮೇಲೆ ಉರುಳಿತು. ಆ ಕೈಗೆ ಕಿರುಬೆರಳಿರಲಿಲ್ಲ.

ಆ ಬೆರಳು ಎಲ್ಲಿ ಹೋಯಿತೆಂದು ತಂಡೇಲನಿಗೆ ಗೊತ್ತಿತ್ತು. ಇದೇ ಮಚವೆಯ ಲಂಗರಿನ ಹಗ್ಗ ಅದನ್ನು ಕಿತ್ತುಕೊಂಡಿತ್ತು. ಸುಟ್ಟ ಬಟ್ಟೆಯ ಬೂದಿ ಹಚ್ಚಿ ಕಟ್ಟಿದವನೂ ತಂಡೇಲನೇ. ಅದು ಹಿಂದೆ ಅವನ ಖಲಾಸಿಯಾಗಿದ್ದ ಊರಿನ ಕುಪ್ಪನ ಕೈ. ಮೊದಲ ಕಾಳಗದಲ್ಲೇ ಸೆರೆಸಿಕ್ಕಿದ್ದ ಊರಿನವರನ್ನು ಫರಂಗಿಯವರು ಒಪ್ಪಂದದ ಮೇಲೆ ಬಿಟ್ಟು, ಗುಟುಕು ನೀರೂ ಕೊಡದೆ ಹಳೆಯ ದೋಣಿಗೆ ಹತ್ತಿಸಿದ್ದರು. ಊರಿನ ಮಚವೆ ಕಂಡ ಖುಷಿಯಲ್ಲಿ ಅವರು ಜೀವ ಬಿಟ್ಟು ಹುಟ್ಟು ಹಾಕಿ ಬಂದಿದ್ದರು. ತಂಡೇಲ ಕೊಡಲಿ ಎಸೆದು ನೀರಿಗೆ ಹಾರಿದ. ಮೇಲೆತ್ತಲು ಸಿಕ್ಕಿದ ಜೀವ ಕುಪ್ಪನದೊಂದೇ. ಹಲಗೆಗೆ ಬಳಿಯುವ ರಾಳವನ್ನು ಕಾಯಿಸಿ ಅದರಲ್ಲಿ ಅವನ ಮೊಂಡುಗೈ ಅದ್ದಿ ರಕ್ತ ನಿಲ್ಲಿಸಿದರು.

ದಡಕ್ಕೆ ಬಂದ ತಂಡೇಲ ನಡೆದದ್ದನ್ನು ನಡೆದಂತೆ ಹೇಳಿ ಮರಳಲ್ಲಿ ಮಂಡಿಯೂರಿದ. ಜನ ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ದೋಣಿಯ ಹುಟ್ಟಿನಿಂದ ಬಡಿದು ಪಕ್ಕೆ ಮುರಿದರು, ಮಚವೆಗೆ ಬೆಂಕಿಯಿಟ್ಟರು, ಅವನನ್ನೂ ಅದರೊಳಗೆ ಎಸೆಯಲು ಕಾಲು ಹಿಡಿದು ಎಳೆದರು. ಆಗ ಮಂಕಾಳಿ ಎಂಬ ಮುದುಕಿ ಅಡ್ಡ ನಿಂತಳು. ಗುಂಡುಕಲ್ಲು ಎದೆಗೆ ಬಿದ್ದು ಸತ್ತವನು ಅವಳ ಒಬ್ಬನೇ ಮಗ. "ಸುಟ್ಟರೆ ಇವನಿಗೇ ಆರಾಮ" ಎಂದಳು. "ನೀರು ಕೇಳಿದವರನ್ನು ಕೊಂದನಲ್ಲ, ಇನ್ನು ಸಾಯುವ ತನಕ ನೀರು ಕೊಟ್ಟುಕೊಂಡೇ ಇರಲಿ. ಅಳಿವೆಯ ಬಂಡೆ ಮೇಲೆ ಕೂರಲಿ. ಬರುವ ಹೋಗುವ ಹಡಗಿನವರಿಗೆಲ್ಲ ಕೊಡಲಿ. ನಾನೂ ಅಲ್ಲೇ ಕೂತು ನೋಡುತ್ತೇನೆ."

ಹಾಗೇ ಆಯಿತು. ತಂಡೇಲ ಗುಡ್ಡದ ಒರತೆಯಿಂದ ಕೊಡ ಹೊತ್ತು, ದೋಣಿಯಲ್ಲಿ ತಂದು, ಬಂಡೆಯ ಕುಳಿ ತುಂಬುತ್ತಿದ್ದ. ಚೊಂಬಿಗೆ ಬಾಯಿ ಹಚ್ಚಿ ಎಂಜಲು ಮಾಡುವಂತಿಲ್ಲ. ಅವನು ಸೇದಿ ಹೊಯ್ಯಬೇಕು, ಬಂದವರು ಬೊಗಸೆಯೊಡ್ಡಿ ಕುಡಿಯಬೇಕು. ಎಲ್ಲರೂ ಕುಡಿದರು, ಕುಪ್ಪನೊಬ್ಬ ಕುಡಿಯಲಿಲ್ಲ. ಬೇರೊಂದು ಮಚವೆಯಲ್ಲಿ ಕಾವಲಿಗೆ ಸೇರಿದ್ದ ಅವನು ಅಳಿವೆ ದಾಟುವಾಗಲೆಲ್ಲ ಬಂಡೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ತಂಡೇಲನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ, ಅವನೊಮ್ಮೆ ತನ್ನ ಕೈಯ ನೀರು ಕುಡಿಯಲಿ ಎಂಬುದು. ಬಾಯಿಬಿಟ್ಟು ಕರೆಯುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ಬೇಸಗೆಯಲ್ಲಿ ಗಾಳಿ ಸತ್ತು, ಪೀಪಾಯಿ ಸೋರಿ, ಕುಪ್ಪನ ಮಚವೆ ನೀರಿಲ್ಲದೆ ದಿನಗಟ್ಟಲೆ ತೇಲಿತು. ಅಳಿವೆ ಮುಟ್ಟಿದಾಗ ಖಲಾಸಿಗಳು ಬಂಡೆಗೆ ಮುಗಿಬಿದ್ದು ಕುಡಿದರು. ಕುಪ್ಪ ಕೊನೆಗೆ ಹತ್ತಿದ, ಎಡಗೈಯಲ್ಲಿ ಕತ್ತಿ ಹಿಡಿದು. ತಂಡೇಲ ಬಲಗೈಯನ್ನು ಕಲ್ಲಿನ ಮೇಲಿಟ್ಟ. "ಕೊಡಲಿ ಹಿಡಿದದ್ದು ಇದೇ ಕೈ. ಕಡಿ. ಆಮೇಲೆ ಕುಡಿ." ಕುಪ್ಪನ ನಾಲಗೆ ಊದಿತ್ತು, ಮಾತು ತೊದಲಿತು. "ಅದು ಬೇಡ. ನೀರು ಸೇದಲು ಬೇಕು ನಿನಗೆ. ಎಡಗೈ ಇಡು."

ತಂಡೇಲ ಇಟ್ಟ. ಕುಪ್ಪ ಕಡಿದ. ಎರಡು ಏಟು ಬೇಕಾಯಿತು. ತಂಡೇಲ ಹಲ್ಲು ಕಚ್ಚಿ ಮೊಂಡನ್ನು ಪಂಚೆಯಲ್ಲಿ ಸುತ್ತಿ ಕಂಕುಳಲ್ಲಿ ಒತ್ತಿಕೊಂಡ. ಮಂಕಾಳಿ ತಾನೇ ಚೊಂಬು ಎತ್ತಿ ಕುಪ್ಪನಿಗೆ ನೀರು ಹೊಯ್ದಳು. ಅವನು ಒಡ್ಡಿದ್ದು ಒಂದೇ ಅಂಗೈ. ನೀರೆಲ್ಲ ಬೆರಳ ಸಂದಿಯಿಂದ ಸುರಿದು ಬಂಡೆಯ ಮೇಲಿನ ರಕ್ತಕ್ಕೆ ಸೇರಿತು. ಮತ್ತೆ ಹೊಯ್ದಳು, ಮತ್ತೆ ಸುರಿಯಿತು. ಸೇಡು ತೀರಿತ್ತು, ಬಾಯಾರಿಕೆ ತೀರಲಿಲ್ಲ. ಕುಪ್ಪ ಗೊಳೋ ಎಂದು ಅತ್ತ. ಆಗ ತಂಡೇಲ ತೆವಳಿಕೊಂಡು ಹತ್ತಿರ ಬಂದು, ಉಳಿದ ಬಲಗೈಯನ್ನು ಅವನ ಎಡಗೈಗೆ ಒತ್ತಿ ಹಿಡಿದ. ಒಂದು ಬೊಗಸೆಯಾಯಿತು. ಮಂಕಾಳಿ ತುಂಬ ಹೊಯ್ದಳು. ಕುಪ್ಪ ಮುಖ ಮುಳುಗಿಸಿ ಕುಡಿದ. ಆಮೇಲೆ ಕೈ ತೆಗೆಯದೆ, "ನೀನೂ ಕುಡಿ, ಜಟ್ಟಪ್ಪಣ್ಣ" ಎಂದ.

ಇಷ್ಟು ಕತೆ. ಕುಳಿಗೆ ಈಗ ಊರಿನವರೇ ಒರತೆಯ ನೀರು ತಂದು ತುಂಬುತ್ತಾರೆ. ಈಗಲೂ ಬೊಗಸೆಕಲ್ಲಿನಲ್ಲಿ ತನ್ನ ಎರಡು ಕೈ ಜೋಡಿಸಿ ಯಾರೂ ನೀರು ಕುಡಿಯುವುದಿಲ್ಲ. ಒಬ್ಬರ ಬಲಗೈ, ಇನ್ನೊಬ್ಬರ ಎಡಗೈ, ಹೊಯ್ಯಲು ಮೂರನೆಯವರು. ಮಾತುಬಿಟ್ಟ ಅಣ್ಣತಮ್ಮಂದಿರನ್ನು ಊರಿನವರು ಹಟ ಹಿಡಿದು ಅಲ್ಲಿಗೆ ಕರೆದೊಯ್ಯುವುದುಂಟು. ಒಂಟಿಯಾಗಿ ಬಂದವರು, ನೀರು ಎದುರಿಗೇ ಇದ್ದರೂ, ಇನ್ನೊಂದು ದೋಣಿ ಬರುವ ತನಕ ಬಿಸಿಲಲ್ಲಿ ಬಾಯಾರಿ ಕೂತಿರುತ್ತಾರೆ.