ಮಗನ ಹಿಂಡು

"ಮಗನಿಗೆಂದು ಇಟ್ಟ ಆಸ್ತಿ ಚೂರೂ ಸವೆಯದೆ ಅವನ ಕೈ ಸೇರಬೇಕಾದರೆ ತಂದೆ ಏನು ಮಾಡಬೇಕು, ಬುದ್ಧಿ?"

ಗುರುಗಳ ಮುಂದೆ ಕೂತು ಕೇಳಿದವನು ಅಂದಾನಪ್ಪ, ಹತ್ತಿ ವ್ಯಾಪಾರಿ. ಮಗ ಹುಟ್ಟಿದ ವರ್ಷವೇ ಅವನ ಹೆಸರಿಗೆ ಊರ ಹೊರಗೆ ಒಂದು ಹೊಲ, ಪೇಟೆಯಲ್ಲಿ ಒಂದು ಮಳಿಗೆ ಕೊಂಡಿಟ್ಟಿದ್ದ. ಹೊಲವನ್ನು ಯಾರಿಗೂ ಉಳಲು ಕೊಟ್ಟಿರಲಿಲ್ಲ. ಮಳಿಗೆಯ ಬಾಗಿಲು ತೆರೆದಿರಲಿಲ್ಲ. ಮಗನೀಗ ತಂದೆಯಷ್ಟೇ ಎತ್ತರ ಬೆಳೆದಿದ್ದ. ಕೊಡುವ ಕಾಲ ಹತ್ತಿರ ಬಂದಂತೆ ಅಂದಾನಪ್ಪನಿಗೆ ನಿದ್ದೆ ಕಡಿಮೆಯಾಗಿತ್ತು.

ಗುರುಗಳು ಹೆಚ್ಚು ಮಾತಿನವರಲ್ಲ. ಕೇಳು ಎಂದು ಕೈ ತೋರಿಸಿ ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನ ಸೀಮೆಯಲ್ಲಿ ಒಂದು ರೂಢಿ. ಗಂಡುಮಗು ಹುಟ್ಟಿದರೆ ಒಂದು ಹೆಣ್ಣುಮರಿಯನ್ನು ಆರಿಸಿ, ಕಿವಿಯ ತುದಿ ಕತ್ತರಿಸಿ ಗುರುತು ಮಾಡುತ್ತಾರೆ. ಆ ಮರಿ ಮಗುವಿನದು. ಅದು ಹಾಕಿದ ಮರಿ, ಆ ಮರಿ ಹಾಕಿದ ಮರಿ, ಎಲ್ಲವೂ ಅವನದೇ. ಮದುವೆಯ ಹೊತ್ತಿಗೆ ಅದೊಂದು ಹಿಂಡಾಗಿರುತ್ತದೆ. ತಂದೆ ಅದನ್ನು ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ.

ಈ ಕುರಿಗಾಹಿಗೆ ಮಾತ್ರ ಅವನ ಹಿಂಡು ಸಿಕ್ಕಿರಲಿಲ್ಲ. ಅವನಪ್ಪ ಹಬ್ಬಕ್ಕೊಂದು, ಹೆಂಡಕ್ಕೊಂದು ಎಂದು ಮಾರಿ ಮುಗಿಸಿ, ಮದುವೆಯ ದಿನ ಒಂದು ಮುದಿ ಕುರಿಯನ್ನು ಹಗ್ಗದಲ್ಲಿ ಹಿಡಿದು ತಂದು ನಿಲ್ಲಿಸಿದ್ದ. ಚಪ್ಪರದಲ್ಲಿದ್ದ ನೆಂಟರು ನಕ್ಕಿದ್ದರು. ಆ ನಗೆಯನ್ನು ಇವನು ಮರೆಯಲಿಲ್ಲ. ತನಗೆ ಮಗ ಹುಟ್ಟಿದಾಗ ದೊಡ್ಡಿಯ ನಡುವೆ ನಿಂತು ಆಣೆ ಮಾಡಿದ. ಮಗನ ಹಿಂಡಿನ ಒಂದು ಕೂದಲನ್ನೂ ಮುಟ್ಟುವುದಿಲ್ಲ.

ಮಾತಿಗೆ ತಪ್ಪಲಿಲ್ಲ. ಎರಡು ದೊಡ್ಡಿ ಕಟ್ಟಿದ. ಎರಡೂ ಹಿಂಡನ್ನು ಬೇರೆಯಾಗಿಯೇ ಮೇಯಿಸಿದ. ಟಗರುಗಳನ್ನೂ ಬೇರೆ ಇಟ್ಟ. ಕಟುಕ ಬಂದರೆ ತನ್ನ ಹಿಂಡಿನಿಂದ ಕೊಟ್ಟ. ನೆಂಟರು ಬಂದರೆ ತನ್ನದನ್ನೇ ಕೊಯ್ದ. ಕೊಡುವಾಗ ಎಲ್ಲ ಕುರಿಗಾಹಿಗಳಂತೆ ಕುಂಟನ್ನು, ಗೊಡ್ಡನ್ನು, ಮರಿಗೆ ಮೊಲೆ ಕೊಡದ್ದನ್ನು ನೋಡಿ ಕೊಟ್ಟ. ಮಗನ ಹಿಂಡಿನಲ್ಲಿ ಕುಂಟೂ ಉಳಿಯಿತು, ಗೊಡ್ಡೂ ಉಳಿಯಿತು. ಹಿಂಡು ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು. ತಂದೆಯೆಂದರೆ ಇವನು ಎಂದು ಊರವರು ಹೊಗಳಿದರು.

ಮಗ ಬೆಳೆದ. ಹಿಂಡಿನ ಹಿಂದೆ ನಡೆದು ನಡೆದು ಅವನ ಕಣ್ಣು ಪಳಗಿತು. ಅವನ ಹಿಂಡಿನಲ್ಲಿ ಒಂದು ಟಗರಿತ್ತು. ಅದರ ಕೆಳದವಡೆ ಗಿಡ್ಡ. ಹುಲ್ಲನ್ನು ಸರಿಯಾಗಿ ಕಚ್ಚಲು ಬರುತ್ತಿರಲಿಲ್ಲ. ಅದಕ್ಕೆ ಹುಟ್ಟಿದ ಮರಿಗಳಿಗೂ ಅದೇ ದವಡೆ. ಇದನ್ನು ಹಿಂಡಿನಿಂದ ತೆಗೆಯೋಣ ಎಂದು ಮಗ ಮೊದಲ ಸಲ ಹೇಳಿದಾಗ ತಂದೆ ನಕ್ಕ. ಮರುವರ್ಷ ಹೇಳಿದಾಗ ಗದರಿದ. ಕೊನೆಗೊಂದು ಸಂತೆಯ ದಿನ ಹುಡುಗ ಟಗರಿನ ಕೊಂಬು ಹಿಡಿದು ದೊಡ್ಡಿಯಿಂದ ಹೊರಗೆಳೆದ.

"ಬಿಡೋ ಅದನ್ನ. ಅದು ನಿನ್ನ ಪಾಲಿನದು," ಎಂದ ತಂದೆ.

"ನನ್ನದಾದರೆ ನಾನೇ ಮಾರುತ್ತೇನೆ ಬಿಡಪ್ಪ."

"ನಿನ್ನದು ಅಂತಲೇ ಮುಟ್ಟಬೇಡ ಅಂದದ್ದು."

ಹುಡುಗ ಕೊಂಬು ಬಿಟ್ಟ. ಆಮೇಲೆ ಹಿಂಡಿನ ಸುದ್ದಿ ಎತ್ತಲಿಲ್ಲ. ಮಗ ತಿಳಿದುಕೊಂಡ ಎಂದು ತಂದೆ ಹೆಂಡತಿಯ ಮುಂದೆ ಹೇಳಿಕೊಂಡ.

ಒಂದು ಹೆಣ್ಣು ಗೊತ್ತಾಯಿತು. ಅವಳ ತಂದೆಯೂ ಕುರಿಗಾಹಿ. ಮಾತು ಮುಗಿಸುವ ಮೊದಲು ಹುಡುಗನ ಹಿಂಡು ನೋಡುವುದು ಅವರ ಪದ್ಧತಿ. ಹಿಂಡು ಹಿಡಿಸದಿದ್ದರೆ ಎದ್ದು ಹೋಗುತ್ತಾರೆ. ಹೆಣ್ಣಿನ ತಂದೆ ಬಂದು ದೊಡ್ಡಿಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಮೊದಲು ಹುಡುಗನ ತಂದೆಯ ಹಿಂಡು ಅವನ ಮುಂದೆ ಹಾದುಹೋಯಿತು. ಆಮೇಲೆ ಮಗನದು. ಅದು ಮುಗಿಯಲು ಬಹಳ ಹೊತ್ತು ಹಿಡಿಯಿತು. ಹುಡುಗನ ತಂದೆ ಮೀಸೆಯ ಮೇಲೆ ಕೈ ಇಟ್ಟು ನಿಂತಿದ್ದ. ಈ ಗಳಿಗೆಗೆಂದು ಅವನು ಹುಡುಗ ತೊಟ್ಟಿಲಲ್ಲಿದ್ದಾಗಿನಿಂದ ಕಾದಿದ್ದ.

ಬಂದವನು ಒಂದು ಮರಿಯನ್ನು ಹಿಡಿದು ತುಟಿ ಬಿಡಿಸಿ ನೋಡಿದ. ಇನ್ನೊಂದನ್ನು ಹಿಡಿದು ನೋಡಿದ. ಎರಡಕ್ಕೂ ಅದೇ ಗಿಡ್ಡ ದವಡೆ. ಕೈ ಒರೆಸಿಕೊಂಡು, ಮೊದಲು ಹೋದ ಹಿಂಡನ್ನು ಸಾಕಿದವರು ಯಾರೆಂದು ಕೇಳಿದ. ನಾನೇ ಎಂದ ತಂದೆ. ಈ ಹಿಂಡನ್ನು ಎಂದು ಕೇಳಿದ. ಇದನ್ನೂ ನಾನೇ ಎಂದ ತಂದೆ.

"ಹಾಗಾದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ," ಎಂದ ಬಂದವನು. "ಮಗನ ಮೇಲೆ ನಿಮಗೇನು ಹಗೆ?"

ತಂದೆಯ ಕೈ ಮೀಸೆಯಿಂದ ಇಳಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಅಂದಾನಪ್ಪನಿಗೆ ತಡೆಯಲಾಗಲಿಲ್ಲ. ಹೆಣ್ಣು ಕೊಟ್ಟರೋ ಇಲ್ಲವೋ ಎಂದು ಕೇಳಿದ. ಕೊಟ್ಟರು ಎಂದರು ಗುರುಗಳು. ಆ ಮನುಷ್ಯ ಎದ್ದು ಹೋಗುವ ಬದಲು ಹುಡುಗನನ್ನು ಹತ್ತಿರ ಕರೆದು, ಈ ಹಿಂಡಿನಲ್ಲಿ ಇರಬಾರದ್ದು ಯಾವುದೆಂದು ಕೇಳಿದ. ಹುಡುಗ ತಂದೆಯ ಮುಖ ನೋಡಿದ. ಆಮೇಲೆ ಒಂದೊಂದನ್ನೇ ಬೊಟ್ಟು ಮಾಡಿ ತೋರಿಸುತ್ತಾ ಹೋದ. ಸಂಜೆಯ ಹೊತ್ತಿಗೆ ಹಿಂಡು ಅರ್ಧಕ್ಕೆ ಇಳಿದಿತ್ತು, ಮದುವೆ ನಿಶ್ಚಯವಾಗಿತ್ತು.

ಅಂದಾನಪ್ಪ ತಲೆಯಾಡಿಸಿದ. ಕತೆ ಅರ್ಥವಾಯಿತು ಎಂದ. ಹೊಲದಲ್ಲಿ ಈಗ ಜಾಲಿ ಬೆಳೆದಿದೆ, ಮಳಿಗೆಯ ತೊಲೆಗೆ ಗೆದ್ದಲು ಹಿಡಿದಿದೆ ಎಂದೂ ಒಪ್ಪಿಕೊಂಡ. ಇನ್ನು ಸುಮ್ಮನಿರುವುದಿಲ್ಲ, ಜಾಲಿ ಕಡಿಸಲೋ ಮಳಿಗೆ ಮಾರಲೋ, ಯಾವುದನ್ನು ಮೊದಲು ಮಾಡಲಿ, ತಾವೇ ಅಪ್ಪಣೆ ಕೊಡಬೇಕು ಎಂದು ಕೈಮುಗಿದ.

ಗುರುಗಳು ಅವನನ್ನು ನೋಡಿದರು.

"ಆಸ್ತಿ ಯಾರದು ಅಂದೆ?"