ಸಣ್ಣತಾಯಮ್ಮ ಕೈಬಿಟ್ಟ ಸೌಟು

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನ ತಾತನಿಗೆ ಹಲ್ಲು ಹುಟ್ಟೋಕೂ ಮುಂಚೆ, ಹೊಳೆ ಪಕ್ಕದಲ್ಲಿ ಹಳೇಕಡವು ಅಂತ ಒಂದೂರಿತ್ತಂತೆ. ಕಾಲು ಒದೀಬೇಡ, ನೆಟ್ಟಗೆ ಹೊದ್ಕೋ. ಆ ಊರಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳಿದ್ಳಂತೆ. ಗಂಡ ಸತ್ತು ಬಹಳ ವರ್ಷ ಆಗಿತ್ತು, ಇದ್ದೊಬ್ಬ ಮಗಳು ಚೆಲುವೀನ ಎತ್ತರದಲ್ಲಿರೋ ಮೇಲೂರಿಗೆ ಕೊಟ್ಟಿದ್ಳಂತೆ. ಆ ಮಗಳಿಗೆ ಚೊಚ್ಚಲ ಬಸಿರು, ಆಗಲೋ ಈಗಲೋ ಅನ್ನೋ ಹಾಗೆ ದಿನ ತುಂಬಿತ್ತು. ಅತ್ತೆ ಇಲ್ಲದ ಮನೆ ಬೇರೆ. ಅಮಾವಾಸ್ಯೆ ಒಳಗೆ ಬಂದ್ಬಿಡ್ತೀನಿ ಮಗಳೇ, ನಿನ್ನ ಹೆರಿಗೆ ಹೊತ್ತಿಗೆ ಪಕ್ಕದಲ್ಲೇ ಇರ್ತೀನಿ ಅಂತ ಇವಳು ಮಾತು ಕೊಟ್ಟಿದ್ಳಂತೆ. ಅಷ್ಟರಲ್ಲಿ ಹೊಳೆ ಬಂತಂತೆ.

ಹೊಳೆ ಅಂದ್ರೆ ಎಂಥಾ ಹೊಳೆ ಅಂತೀಯ! ಊರಿಗೆ ಊರೇ ನೀರು ಪಾಲಾಗಿ, ಜನ ಎಲ್ಲಾ ಮಕ್ಕಳು ಮರಿ, ಕೋಳಿ ಕುರಿ ಎತ್ಕೊಂಡು ಊರ ಹಿಂದಿನ ಬಂಡೆ ಹತ್ತಿದ್ರಂತೆ. ಆಮೇಲೆ ಅಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿ, ಉಳಿದ ರಾಗಿ ಹಿಟ್ಟು ಎಲ್ಲಾ ಒಟ್ಟು ಮಾಡಿ, ಎಲ್ಲರಿಗೂ ಒಂದೇ ಹಂಡೇಲಿ ಗಂಜಿ ಇಟ್ರಂತೆ. ಆ ಊರಿನ ಪದ್ಧತಿ ಒಂದಿತ್ತು ನೋಡು. ಹೊಳೆ ಬಂದಾಗ ಗಂಜಿ ಸೌಟು ಯಾರ ಕೈಗೆ ಬರುತ್ತೋ ಅವರು ಅದನ್ನ ಕೆಳಗಿಡೋ ಹಾಗಿಲ್ಲ, ತಾವಾಗಿ ಇನ್ನೊಬ್ಬರಿಗೆ ಕೊಡೋ ಹಾಗೂ ಇಲ್ಲ. ಕೊಟ್ರೆ ನೀರು ಇನ್ನೂ ಒಂದಾಳು ಏರುತ್ತೆ ಅನ್ನೋರು. ಬೇರೆ ಯಾರಾದ್ರೂ ಬಂದು, ಕೊಡು ಇಲ್ಲಿ ಅಂತ ಬಾಯಿಬಿಟ್ಟು ಕೇಳಿದ್ರೆ ಮಾತ್ರ ಕೊಡಬಹುದು. ಆ ಸಲ ಸೌಟು ಬಂದಿದ್ದು ಸಣ್ಣತಾಯಮ್ಮನ ಕೈಗೆ. ಒಂದೆರಡು ದಿನ ತಾನೇ, ಯಾರಾದ್ರೂ ಕೇಳ್ತಾರೆ, ಮಗಳ ಹತ್ರ ಹೋಗ್ತೀನಿ ಅಂದ್ಕೊಂಡ್ಳಂತೆ.

ಒಂದು ದಿನ ಆಯ್ತು, ಎರಡು ದಿನ ಆಯ್ತು, ಎಂಟು ದಿನ ಆಯ್ತು. ಯಾರೂ ಕೇಳಲಿಲ್ಲ. ಕೋಳಿ ಕೂಗೋ ಹೊತ್ತಿಗೆ ಒಲೆ ಮುಂದೆ ಕೂತ್ರೆ ಇವಳಿಗೆ ಸೊಂಟ ನೆಟ್ಟಗೆ ಮಾಡೋಕೆ ಪುರುಸೊತ್ತಿಲ್ಲ. ಹೊಗೆಗೆ ಕಣ್ಣು ಕೆಂಡ ಆಗಿತ್ತಂತೆ. ನಿದ್ದೆ ತಡೀದೆ ಬಂದ್ರೆ ಸೌಟನ್ನ ಸೆರಗಿನಲ್ಲಿ ಕೈಗೇ ಕಟ್ಕೊಂಡು, ಕೂತಲ್ಲೇ ತೂಕಡಿಸೋಳಂತೆ, ಪಾಪ.

ಹಂಗಂತ ಸಹಾಯಕ್ಕೆ ಬರೋರು ಇರಲಿಲ್ಲ ಅಂದ್ಕೋಬೇಡ. ಬಂದ್ರು, ಬೇಕಾದಷ್ಟು ಜನ ಬಂದ್ರು. ಮೊದಲು ಮೇಲೂರು ಗೌಡರ ಹೆಂಡತಿ ದೊಡ್ಡಮ್ಮಣ್ಣಿ ಒಂದು ಗಾಡಿ ಕುಂಬಳಕಾಯಿ ಹೊಡಿಸ್ಕೊಂಡು ಬಂದ್ಳಂತೆ. ಬಂದೋಳು, ಅಯ್ಯೋ ಸಣ್ಣತಾಯಿ, ನಿನ್ನಂಥ ಪುಣ್ಯಾತ್ಗಿತ್ತಿ ಉಂಟಾ, ನೀನಿಲ್ಲದಿದ್ರೆ ಈ ಜನ ಏನಾಗ್ತಿದ್ರೋ ಅಂತ ಕೈ ಮುಗಿದು, ಸುಸ್ತಾಗಿದೆಯಾ ಅಂತ ಕೇಳಿದ್ಳಂತೆ. ಇವಳು, ಇಲ್ಲ ತಾಯಿ, ಏನೂ ಇಲ್ಲ ಅಂದ್ಳಂತೆ. ನೋಡು, ಅದೇ ಅವಳು ಮಾಡಿದ ತಪ್ಪು. ಅದೇ ಗಾಡಿಯೋನ ಕೈಲಿ ಮಗಳು ಹೇಳಿ ಕಳಿಸಿದ್ಳಂತೆ, ಅವ್ವಾ, ಯಾವಾಗ ಬರ್ತೀಯ ಅಂತ. ನಾಳೆ ಬರ್ತೀನಿ ಅನ್ನಪ್ಪಾ ಅಂದ್ಳಂತೆ.

ಆಮೇಲೆ ಸಂತೆ ಊರಿಂದ ಎಣ್ಣೆ ಶೆಟ್ಟರು ಬಂದ್ರಂತೆ. ಅವರೂ ತಂದಿದ್ದು ಕುಂಬಳಕಾಯೇ! ಬಂಡೆ ಮೇಲೆ ಜನಕ್ಕಿಂತ ಕುಂಬಳಕಾಯಿ ಜಾಸ್ತಿ ಆದ್ವಂತೆ. ಬೇಕಾಗಿದ್ದಿದ್ದು ಒಣ ಸೌದೆ, ಮತ್ತೆ ಒಂದು ಜೊತೆ ಕೈ. ಶೆಟ್ಟರು ಕೇಳೇ ಕೇಳಿದ್ರು, ತಾಯವ್ವ, ಇನ್ನೇನಾದ್ರೂ ಬೇಕಾ ಅಂತ. ಇವಳು ಹಸಿ ಸೌದೆ ಊದಿ ಊದಿ ಕೆಮ್ತಾ, ಏನೂ ಬೇಡ ಬುದ್ಧಿ, ಎಲ್ಲಾ ಇದೆ ಅಂದ್ಳಂತೆ. ಯಾಕಂದ್ಳು ಅಂದ್ರೆ ನಂಗೇನು ಗೊತ್ತು? ಎಷ್ಟೋ ಹೆಂಗಸರ ಬಾಯಿಗೆ ಬೇಕು ಅನ್ನೋ ಮಾತೇ ಬರಲ್ಲ ಮಗ. ಅವತ್ತೂ ಮಗಳ ಕಡೆಯಿಂದ ಸುದ್ದಿ ಬಂತು. ಅವ್ವಾ, ನೋವು ಒಂದೊಂದು ಸಲ ಬಂದು ಹೋಗ್ತಿದೆ, ಬರೋದಿಲ್ವಾ ಅಂತ. ಸಣ್ಣತಾಯಮ್ಮ ಮೇಲೂರಿನ ದಾರಿ ಕಡೆ ಒಂದ್ಸಲ ತಿರುಗಿ ನೋಡಿದ್ಳಂತೆ. ಆದ್ರೂ ಸೌಟು ತಿರುವುತ್ತಾನೇ ಇದ್ಳಂತೆ.

ಮೂರನೇದಾಗಿ ಬಂದೋನು ಯಾರು ಗೊತ್ತಾ? ಜವರಯ್ಯ. ಅದೇ ಊರಿನೋನೇ, ಮೈಗಳ್ಳ ಅಂದ್ರೆ ಮೈಗಳ್ಳ. ಎಂಟು ದಿನದಿಂದ ಕೂತಲ್ಲಿಗೇ ಗಂಜಿ ತರಿಸ್ಕೊಂಡು ಕುಡೀತಿದ್ದ. ಅವತ್ತು ಬಟ್ಟಲು ಹಿಡ್ಕೊಂಡು ಎದ್ದು ಬಂದು, ಏನಮ್ಮಣ್ಣಿ, ಇದು ಗಂಜಿಯಾ ಉಪ್ಪಿನ ನೀರಾ, ಬಾಯಿಗಿಡೋಕಾಗಲ್ಲ ಅಂದ್ನಂತೆ. ನಿದ್ದೆಗಣ್ಣಲ್ಲಿ ಇವಳು ಎರಡು ಸಲ ಉಪ್ಪು ಹಾಕ್ಬಿಟ್ಟಿದ್ಳು.

ಅಷ್ಟೇ ನೋಡು, ಸಣ್ಣತಾಯಮ್ಮನಿಗೆ ಎಲ್ಲಿತ್ತೋ ಸಿಟ್ಟು, ಬಂತಂತೆ. ಅಳುವೂ ಬಂತಂತೆ. ಜವರಣ್ಣ, ನಂಗೆ ಸಾಕಾಗಿದೆ ಕಣಣ್ಣ, ನನ್ನ ಕೈ ಬಿದ್ದು ಹೋಗಿದೆ, ಕಣ್ಣು ಕಾಣಿಸ್ತಿಲ್ಲ, ಅಲ್ಲಿ ನನ್ನ ಮಗಳು ಒಬ್ಬಳೇ ನೋವು ತಿಂತಿದಾಳೆ, ನಾನಿಲ್ಲಿ ಇಷ್ಟೂ ಜನಕ್ಕೆ ಗಂಜಿ ತಿರುವ್ತಿದೀನಿ, ನಿಮಗೆ ಯಾರಿಗೂ ಕಣ್ಣಿಲ್ವಾ? ನಾನಾಗಿ ಕೊಡೋ ಹಾಗಿಲ್ಲ, ನೀನಾದ್ರೂ ಕೇಳೋ, ದಮ್ಮಯ್ಯ ಅಂತೀನಿ ಕೇಳೋ ಅಂತ ಬಂಡೆಗೆಲ್ಲಾ ಕೇಳೋ ಹಾಗೆ ಅತ್ಳಂತೆ.

ಜವರಯ್ಯ ಬಟ್ಟಲು ಕೆಳಗಿಟ್ಟು, ತಲೆ ಕೆರ್ಕೊಂಡು, ಮೊದಲೇ ಹೇಳೋಕೇನಾಗಿತ್ತು ತಂಗಿ ನಿಂಗೆ, ನೀನು ನಗನಗ್ತಾ ಇದ್ದೆ, ನಿಂಗೆ ಇಷ್ಟ ಅಂತ ನಾವಂದ್ಕೊಂಡ್ವಿ, ಕೊಡು ಇಲ್ಲಿ ಅಂದ್ನಂತೆ.

ಇವಳು ಕೊಟ್ಳಂತೆ. ಹೊಳೆ ಒಂದು ಗೇಣೂ ಏರಲಿಲ್ಲ.

ಆಮೇಲೆ ಎದ್ದು ಹೊರಟ್ಳಂತೆ. ಬಂಡೆ ಇಳಿದು ದಾರಿಗೆ ಬರೋ ಹೊತ್ತಿಗೆ ಹಿಂದಿನಿಂದ ಸೀದ ವಾಸನೆ ಬಂತಂತೆ. ತಳ ಹಿಡಿಸ್ಬಿಟ್ಟಿದ್ದ ಮಹಾರಾಯ! ಇವಳು ನಿಂತ್ಳು, ಹಿಂದಕ್ಕೆ ತಿರುಗಿದ್ಳು, ಒಂದು ಹೆಜ್ಜೆ ವಾಪಸ್ಸೂ ಇಟ್ಳು. ನೋಡ್ತಾಳೆ, ಅಲ್ಲಿ ಒಬ್ಬಳು ಹಂಡೆಗೆ ನೀರು ಹುಯ್ತಿದಾಳೆ, ಇನ್ನೊಬ್ಬಳು ಜವರಯ್ಯನ್ನ ಬೈತಿದಾಳೆ, ಇಬ್ಬರು ಸೌದೆ ಹುಡುಕೋಕೆ ಓಡ್ತಿದಾರೆ. ಸೀದ್ರೆ ಸೀದ ಗಂಜೀನೇ ಕುಡೀಲಿ ಅಂದ್ಕೊಂಡು ಮೇಲೂರಿನ ದಾರಿ ಹಿಡಿದ್ಳಂತೆ.

ನಡೆದ್ಳು ನಡೆದ್ಳು, ಮಧ್ಯಾಹ್ನದ ಹೊತ್ತಿಗೆ ಮಗಳ ಮನೆ ಬಾಗಿಲು ಸೇರಿದ್ಳಂತೆ. ಚೆಲುವಿ ಇನ್ನೂ ಹೆತ್ತಿರಲಿಲ್ಲ. ಅವ್ವನ್ನ ನೋಡಿ ಅವಳ ಮುಖ ಅರಳಿತಂತೆ. ಬಂದೆ ಮಗಳೇ, ಇನ್ನು ಹೆದರ್ಕೋಬೇಡ, ನಾನಿದೀನಿ ಅಂತ ಸಣ್ಣತಾಯಮ್ಮ ಮಗಳ ತಲೆದೆಸೇಲಿ ಕೂತು, ಅವಳ ಕೈ ಹಿಡ್ಕೊಂಡ್ಳಂತೆ. ಹಿಡ್ಕೊಂಡೋಳು ಹಾಗೇ ಗೋಡೆಗೆ ಒರಗಿ ನಿದ್ದೆ ಹೋಗ್ಬಿಟ್ಳಂತೆ.

ಅಷ್ಟರಲ್ಲಿ ನೋವು ಜೋರಾಯ್ತಂತೆ. ಹೆರಿಗೆ ಮಾಡಿಸೋಕೆ ಬಂದಿದ್ದ ಪಕ್ಕದ ಮನೆ ಮುದುಕಿ, ಏಳಿಸ್ಲಾ ನಿಮ್ಮವ್ವನ್ನ ಅಂದ್ರೆ ಚೆಲುವಿ ಬೇಡ ಅಂತ ತಲೆ ಅಲ್ಲಾಡಿಸಿದ್ಳಂತೆ. ಸೆರಗು ಬಾಯಿಗೆ ತುರುಕ್ಕೊಂಡು ಕಚ್ಚಿ ಹಿಡಿದು, ಒಂದೇ ಒಂದು ಸಲಾನೂ ಕೂಗಲಿಲ್ಲವಂತೆ. ಮಲಗ್ಲಿ ಅಜ್ಜಿ, ನಮ್ಮವ್ವ ಒಂಬತ್ತು ದಿನದಿಂದ ಮಲಗಿಲ್ಲ ಅಂದ್ಳಂತೆ. ಅವ್ವನ ಕೈ ಮಾತ್ರ ಬಿಡಲಿಲ್ಲ.

ಮಗು ಹುಟ್ಟಿ ಕಿಟಾರಂತ ಕಿರುಚಿದಾಗ ಸಣ್ಣತಾಯಮ್ಮ ಬೆಚ್ಚಿ ಎದ್ದು, ಬಂದೆ ಬಂದೆ, ಗಂಜಿ ಆಯ್ತು, ಇಗೋ ಬಡಿಸ್ದೆ ಅಂದ್ಳಂತೆ! ಮುದುಕಿ ನಕ್ಕು ನಕ್ಕು ಸುಸ್ತಾದ್ಳು. ಹೆಣ್ಣು ಮಗು. ಅಯ್ಯೋ, ನಾನು ಇದ್ದೂ ಇಲ್ಲದ ಹಾಗಾಯ್ತಲ್ಲೇ, ಯಾಕೆ ಏಳಿಸಲಿಲ್ಲ ಅಂತ ಇವಳು ಅತ್ರೆ, ಚೆಲುವಿ, ನೀನು ಬಂದ್ಯಲ್ಲವ್ವ, ಸಾಕು, ಈಗ ಕಾಲು ಚಾಚಿ ಮಲಗು ಅಂತ ತನ್ನ ಚಾಪೇಲೇ ಜಾಗ ಬಿಟ್ಳಂತೆ. ಮೂರೂ ಜನ ಅಲ್ಲೇ ಒತ್ತಾಗಿ ಮಲಗಿದ್ರಂತೆ, ಅವ್ವ, ಮಗಳು, ಮೊಮ್ಮಗಳು.

ಅವರು ಮಲಗಿದ ಮೇಲೆ ಹೇಳೋಕೆ ಇನ್ನೇನಿದೆ, ಕತೆ ಮುಗೀತು. ಸ್ವಲ್ಪ ಆಕಡೆ ಸರಿ ಕಂದ, ನಂಗೂ ಸಾಕಾಗಿದೆ.